ಹಳೆಯ ಪ್ಯಾಕಿಂಗ್ ಕೆರೆಯುವ ಕೆಲಸ



ತುಂಗೆಯ ದಂಡೆಯಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಮಂಡಗದ್ದೆ ಕಡೆಯವರಿಗೆ ನೀರೆತ್ತುವ ಪಂಪು ಕೊಟ್ಟಿಗೆಯ ಆಕಳಿದ್ದ ಹಾಗೆ. ಬೇಸಿಗೆಯಲ್ಲಿ ಅದು ಒಂದು ದಿನ ಮುಷ್ಕರ ಹೂಡಿದರೆ ಮನೆಮಂದಿಯ ನಿದ್ದೆ ಹೋಗುತ್ತದೆ. ಆದರೂ ಆಕಳಿಗೆ ಕೊಡುವ ಗಮನದಲ್ಲಿ ಕಾಲು ಪಾಲನ್ನಾದರೂ ನಾವು ಪಂಪಿಗೆ ಕೊಡುವುದಿಲ್ಲ. ಡೀಸೆಲ್ ಹಾಕುತ್ತೇವೆ, ಎಣ್ಣೆ ನೋಡುತ್ತೇವೆ. ಅಲ್ಲಿಗೆ ನಮ್ಮ ಉಪಚಾರ ಮುಗಿಯಿತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಎಂಜಿನಿನ ಒಂದು ಸಣ್ಣ ಜಾಗದ ವಿಚಾರ. ಸೈಲೆನ್ಸರ್ ಬಂದು ಎಂಜಿನಿಗೆ ಕೂರುತ್ತದಲ್ಲ, ಆ ಎರಡು ಅಂಗುಲದ ಮುಖ. ಅದರ ಮೇಲೆ ಸುಟ್ಟು ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟನ್ನು ತೆಗೆದು ಶುದ್ಧ ಮಾಡುವ ಕೆಲಸ. ನಮ್ಮ ಮೆಕ್ಯಾನಿಕ್ಕುಗಳು ಗ್ಯಾಸ್ಕೆಟ್ಟಿಗೆ ಪ್ಯಾಕಿಂಗ್ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಲೇಖನವೇ ಎಂದು ಕೇಳಬಹುದು. ಈ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿ ನಾನು ಒಬ್ಬ ಮನುಷ್ಯನ ಪ್ರಾಣ ತೆಗೆಯುವುದರಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದು

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿದ್ದು ಎಲ್ಲರಿಗೂ ನೆನಪಿದ್ದೀತು. ಅದರ ಮರುವರ್ಷದ ಬೇಸಿಗೆಯಲ್ಲಿ ಹೊಳೆ ಸೊರಗಿತು. ತ್ರೀಫೇಸ್ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಎಳೆಯ ಅಡಿಕೆ ಗಿಡಗಳ ಸೋಗೆ ಬಾಡತೊಡಗಿದಾಗ ನಾನು ಅಟ್ಟದ ಮೇಲೆ ಬಿದ್ದಿದ್ದ ಪೆಟ್ರೋಲ್ ಎಂಜಿನಿನ ಸಣ್ಣ ಪಂಪನ್ನು ಕೆಳಗಿಳಿಸಿದೆ. ಎಳೆದ ಕೂಡಲೇ ಎಂಜಿನು ಹೊತ್ತಿಕೊಂಡಿತು. ಆದರೆ ಸೈಲೆನ್ಸರ್ ಕೂರುವಲ್ಲಿ ಸಂದಿನಿಂದ ಹೊಗೆ ಬರುತ್ತಿತ್ತು.

ತೀರ್ಥಹಳ್ಳಿಗೆ ಹೋದಾಗ ಹೊಸ ಪ್ಯಾಕಿಂಗ್ ತಂದೆ. ಎರಡು ನಟ್ಟು ಬಿಚ್ಚಿ ಸೈಲೆನ್ಸರ್ ತೆಗೆದರೆ ಹಳೆಯದು ಸುಟ್ಟು ಕರಕಲಾಗಿ, ದೋಸೆ ಕಾವಲಿಗೆ ಹಿಡಿದ ಸೀಕಿನ ಹಾಗೆ ಅಂಟಿಕೊಂಡಿತ್ತು. ಕೈಗೆ ಸಿಕ್ಕಿದ್ದು ಬಡಗಿಯ ಉಳಿ. ಉಳಿ ಇಟ್ಟು ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟೆ, ಎದ್ದು ಬಂತು. ಉಳಿದದ್ದನ್ನು ಕೆತ್ತಿದೆ, ಊದಿದೆ, ಹೊಸದನ್ನು ಇಟ್ಟು ಬಿಗಿದೆ. ಎಲ್ಲ ಸೇರಿ ಹತ್ತು ನಿಮಿಷ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ.

ಎರಡು ದಿನ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಟಪ್ ಟಪ್ ಎಂಬ ಸದ್ದು ಶುರುವಾಯಿತು. ಹೊಸ ಪ್ಯಾಕಿಂಗ್ ಅಲ್ಲವೇ, ಕೂರಲು ಸ್ವಲ್ಪ ಸಮಯ ಬೇಕು ಎಂದು ಸುಮ್ಮನಾದೆ. ನಮ್ಮ ಪಂಪ್ ಮನೆ ಇಟ್ಟಿಗೆ ಗೋಡೆಯದು, ಮೇಲೆ ತಗಡು, ಬಾಗಿಲು ಒಂದೇ. ಸೈಲೆನ್ಸರಿನ ಬಾಯಿಗೆ ಕೊಳವೆ ಸೇರಿಸಿ ಗೋಡೆಯ ತೂತಿನಿಂದ ಹೊರಗೆ ಬಿಟ್ಟಿದ್ದೆ. ಹೊಗೆ ಹೊರಗೆ ಹೋಗುತ್ತಿದೆ ಎಂಬ ಧೈರ್ಯ.

ಆ ಸಂಜೆ ಫುಟ್‌ವಾಲ್ವ್ ಗಾಳಿ ಎಳೆಯುತ್ತಿತ್ತು. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲೇ ಕೆಲಸಕ್ಕಿರುವಾತ ಎಂಜಿನಿನ ಪಕ್ಕದಲ್ಲೇ ಕೂತು ಕಾಯುತ್ತಿದ್ದ. ಕತ್ತಲಾಗುವ ಹೊತ್ತಿಗೆ ತೋಟದಿಂದ ಕೂಗಿದೆ. ಉತ್ತರವಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾನೆ. ಕಣ್ಣು ತೆರೆದಿದೆ, ಏಳಲು ಕಾಲಿನಲ್ಲಿ ಬಲವಿಲ್ಲ. "ತಲೆ ಸಿಡೀತದೆ ಅಯ್ಯಾ" ಎಂದಷ್ಟೇ ಹೇಳಿದ. ಮಗನನ್ನು ಕೂಗಿ ಇಬ್ಬರೂ ಸೇರಿ ಹೊರಗೆ ಎಳೆದುತಂದೆವು. ಗಾಳಿಗೆ ಬಂದ ಮೇಲೆ ವಾಂತಿ ಮಾಡಿಕೊಂಡ. 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬೆಳಗಾಗುವಷ್ಟರಲ್ಲಿ ಎದ್ದು ಕೂತು ಕಾಫಿ ಕೇಳಿದ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಪಟ್ಟ ಸಂಕಟ ನನಗೊಬ್ಬನಿಗೇ ಗೊತ್ತು. ಅವನ ಹೆಂಡತಿ ಎದುರಿಗೇ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ವಾಸನೆಯಿಲ್ಲದ ವಿಷ

ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮಗೆ ಮೂಗಿಗೆ ಹೊಡೆಯುವುದು ಹೊಗೆಯಲ್ಲಿರುವ ಬೇರೆ ಪದಾರ್ಥಗಳು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು, ಕಾಲು ಸೋಲುವುದು, ಕೊನೆಗೆ ಎಚ್ಚರ ತಪ್ಪುವುದು. ಏಳಬೇಕು ಎಂದು ಬುದ್ಧಿಗೆ ತಿಳಿಯುವ ಹೊತ್ತಿಗೆ ಏಳುವ ಶಕ್ತಿ ಉಳಿದಿರುವುದಿಲ್ಲ.

ಪೆಟ್ರೋಲ್ ಎಂಜಿನಿನಲ್ಲಿ ಇದು ಬಹಳ ಹೆಚ್ಚು, ಡೀಸೆಲ್ಲಿನಲ್ಲಿ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ನೀರು ಕೆಳಗಿಳಿಯಿತೆಂದು ಬಾವಿಯೊಳಗೆ ಎಂಜಿನು ಇಳಿಸಿ ಓಡಿಸುವುದು, ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುವುದು, ಅವನ ಹಿಂದೆ ಮತ್ತೊಬ್ಬ ಇಳಿಯುವುದು, ಹೀಗೆ ಒಂದೇ ಬಾವಿಯಲ್ಲಿ ಸಾಲಾಗಿ ಸತ್ತ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಬಾವಿಯೊಳಗೆ ಎಂಜಿನು ಓಡಿಸಲೇಬಾರದು. ಯಾರಾದರೂ ಹೊಗೆಗೆ ಸಿಕ್ಕಿ ತೂಕಡಿಸುತ್ತಿದ್ದರೆ ನೀರು ಕುಡಿಸುತ್ತ, ಗಾಳಿ ಬೀಸುತ್ತ ಅಲ್ಲೇ ಕೂರಬೇಡಿ. ಮೊದಲು ಬಯಲಿಗೆ ತನ್ನಿ, ಆಮೇಲೆ ಆಸ್ಪತ್ರೆ. ಬರೀ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಆಸ್ಪತ್ರೆಯ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಎದ್ದು ಮಾತಾಡಿದನೆಂದು ಮನೆಗೆ ಕರೆದೊಯ್ಯಬಾರದು.

ದೋಣಿಯ ಎಂಜಿನು ಕಲಿಸಿದ ಪಾಠ

ನಮ್ಮ ಪಕ್ಕದ ಊರಿನಲ್ಲಿ ಮಗಳ ಮನೆಯಲ್ಲಿರುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಕರಾವಳಿಯವರು. ಮೀನು ಹಿಡಿಯುವ ದೋಣಿಗಳ ಎಂಜಿನು ಬಿಚ್ಚಿ ಜೋಡಿಸುವುದರಲ್ಲೇ ಅವರ ಆಯುಷ್ಯ ಕಳೆದಿದೆ. ಸುದ್ದಿ ಕೇಳಿ ಅವರೇ ಬಂದರು. ಸೈಲೆನ್ಸರ್ ಬಿಚ್ಚಿ, ಆ ಮುಖದ ಮೇಲೆ ಅಡ್ಡಲಾಗಿ ಟಾರ್ಚ್ ಬಿಟ್ಟು, "ಇಲ್ಲಿ ಕಾಣಿ ಗೌಡ್ರೆ" ಎಂದರು. ನನ್ನ ಉಳಿಯ ಏಟು ಹೊಗೆಯ ರಂಧ್ರದಿಂದ ಹೊರ ಅಂಚಿನವರೆಗೂ ಒಂದು ಗೀರು ಎಳೆದಿತ್ತು, ತೋಟದ ಉಜರುಗಾಲುವೆಯ ಹಾಗೆ. ಅದರ ಪಕ್ಕದಲ್ಲೇ ಹಳೆಯ ಪ್ಯಾಕಿಂಗಿನ ಒಂದು ಚೂರು ಇನ್ನೂ ಅಂಟಿಕೊಂಡಿತ್ತು.

"ಪ್ಯಾಕಿಂಗಿನ ತಪ್ಪು ಅಲ್ಲ ಮಾರಾಯ್ರೆ. ಅದು ಕೂರುವ ಜಾಗ ಸರಿ ಇಲ್ಲದಿದ್ರೆ ಪಾಪ ಅದೆಂತ ಮಾಡ್ತದೆ?" ಎಂದರು.

ಆಮೇಲೆ ಅವರು ದೋಣಿಗಳ ವಿಚಾರ ಹೇಳಿದರು. ಕಡಲ ದೋಣಿಯ ಎಂಜಿನುಗಳಲ್ಲಿ ಅನೇಕವುಗಳಿಗೆ ಹೊಗೆಯ ಕೊಳವೆಯ ಸುತ್ತ ನೀರು ಹರಿಯುವ ಕೋಶವಿರುತ್ತದೆ. ಮುಂದೆ ಒಂದು ಬಾಗುಕೊಳವೆಯಲ್ಲಿ ಆ ನೀರನ್ನು ಹೊಗೆಗೇ ಸೇರಿಸಿ, ತಣ್ಣಗೆ ಮಾಡಿ ಹೊರಗೆ ಉಗುಳುತ್ತಾರೆ. ಮರದ ದೋಣಿಯೊಳಗೆ ಕೆಂಡದಂಥ ಕೊಳವೆ ಇರಬಾರದಲ್ಲ, ಅದಕ್ಕೆ. ಈ ತುಂಡುಗಳ ನಡುವಿನ ಪ್ಯಾಕಿಂಗು ಒಂದು ಕಡೆ ಹೊಗೆಯನ್ನೂ ಇನ್ನೊಂದು ಕಡೆ ನೀರನ್ನೂ ತಡೆಯಬೇಕು. ಮುಖ ಸರಿಯಾಗಿ ಶುದ್ಧವಾಗದೆ ಅಲ್ಲಿ ಸೋರಿದರೆ, ಎಂಜಿನು ನಿಂತ ಮೇಲೆ ನೀರು ಹಿಂದಕ್ಕೆ ಹರಿದು, ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ನಡುಗಡಲಿನಲ್ಲಿ ಹಾಗಾದರೆ ಎಂಜಿನು ಹೋಯಿತೆಂದಷ್ಟೇ ಅಲ್ಲ, ದೋಣಿಯಲ್ಲಿದ್ದವರ ಗತಿ ಏನು? "ಅದಕ್ಕೇ ನಮ್ಮಲ್ಲಿ ಪ್ಯಾಕಿಂಗ್ ಹಾಕುವುದು ಅರ್ಧ ಗಂಟೆ, ಕೆರೆಯುವುದು ಅರ್ಧ ದಿನ" ಎಂದರು.

ನಮ್ಮ ಸಾಗರ ತಾಲ್ಲೂಕಿನ ತುಮರಿ ಸೀಮೆಯ ಬೆಳೆಗಾರರಿಗೆ ಈ ಮಾತು ಬೇಗ ತಿಳಿದೀತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ಹಿನ್ನೀರು ಅವರನ್ನು ಆಚೆ ದಡಕ್ಕೆ ಮಾಡಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯುವವರೆಗೆ ಅಡಿಕೆ ಮೂಟೆಯೂ, ಬಸ್ಸೂ, ಬಾಣಂತಿಯೂ ಲಾಂಚಿನಲ್ಲೇ ದಾಟಬೇಕಿತ್ತು. ನೀರಿನ ನಡುವೆ ಎಂಜಿನಿನ ಸದ್ದು ಸ್ವಲ್ಪ ಬದಲಾದರೂ ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ತೋಟದ ಪಂಪಿನ ಸದ್ದಿಗೂ ನಾವು ಹಾಗೆಯೇ ಕಿವಿಗೊಡುವುದನ್ನು ಕಲಿಯಬೇಕು. ಇನ್ನು ಮುಂದೆ ಬರೆಯುವುದೆಲ್ಲ ಆ ಮೇಸ್ತ್ರಿಗಳು ನನ್ನ ಕೈಯಿಂದಲೇ ಮಾಡಿಸಿ ಕಲಿಸಿದ್ದು.

ಸೋರಿಕೆ ಗುರುತಿಸುವುದು

ಸೈಲೆನ್ಸರ್ ಕೂರುವ ಸಂದಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಎಂದೇ ಅರ್ಥ. ಎಂಜಿನಿನ ಸುತ್ತಿಗೆ ಸರಿಯಾಗಿ ಟಪ್ ಟಪ್ ಸದ್ದು ಬರುವುದು ಎರಡನೆಯ ಗುರುತು. ಸಂಶಯವಿದ್ದರೆ, ಎಂಜಿನು ಪೂರ್ತಿ ತಣ್ಣಗಿರುವಾಗ ಸಂದಿಗೆ ಸಾಬೂನು ನೀರು ಹಚ್ಚಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ಕ್ಷಣಗಳಲ್ಲೇ ಗುಳ್ಳೆ ಏಳುತ್ತದೆ. ಇದನ್ನು ಬಯಲಿನಲ್ಲಿ ಮಾಡತಕ್ಕದ್ದು, ಕೈ ದೂರವಿರಲಿ.

ಮಳೆಗಾಲವಿಡೀ ಮೂಲೆಯಲ್ಲಿ ಕೂತ ಎಂಜಿನಿನಲ್ಲಿ ಈ ತೊಂದರೆ ಹೆಚ್ಚು. ನಮ್ಮ ಮಲೆನಾಡಿನ ಥಂಡಿಗೆ ಪ್ಯಾಕಿಂಗ್ ನೀರು ಹೀರುತ್ತದೆ, ಅದರಡಿಯ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ, ನೀರು ಹಾಯಿಸುವ ಕಾಲ ಬರುವ ಮೊದಲೇ ಮಾಡಿಟ್ಟುಕೊಳ್ಳುವುದು ಲೇಸು. ಕಾಫಿ ಬೆಳೆಗಾರರಾದರೆ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಮೊದಲು, ಪಲ್ಪರಿನ ಎಂಜಿನಾದರೆ ಹಣ್ಣು ಕೊಯ್ಲಿಗೆ ಮೊದಲು.

ಬಿಚ್ಚುವಾಗ

ಎಂಜಿನು ಪೂರ್ತಿ ತಣಿಯಲಿ. ಸೈಲೆನ್ಸರಿನ ನಟ್ಟುಗಳು ಬೆಂಕಿಗೂ ತುಕ್ಕಿಗೂ ಸಿಕ್ಕಿ ಹಿಡಿದುಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಅವಕ್ಕೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ತೊಟ್ಟಿಕ್ಕಿ. ಬೆಳಿಗ್ಗೆ ಸ್ಪಾನರ್ ಹಾಕಿ ಸ್ವಲ್ಪ ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ. ಜೋರು ಮಾಡಿ ಸ್ಟಡ್ ಮುರಿದರೆ ಒಂದು ಗಂಟೆಯ ಕೆಲಸ ಒಂದು ವಾರದ್ದಾಗುತ್ತದೆ.

ಸೈಲೆನ್ಸರ್ ಕೈಗೆ ಬಂದ ಮೇಲೆ ಒಂದು ಕೆಲಸ ಮರೆಯಬಾರದು. ಚಕ್ರ ತಿರುಗಿಸಿ ಪಿಸ್ಟನ್ನನ್ನು ಒತ್ತಡದ ತುದಿಗೆ ತನ್ನಿ. ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ಕೆರೆದ ಚೂರು ಸಿಲಿಂಡರಿಗೆ ಬೀಳುವ ಭಯವಿಲ್ಲ. ಆಮೇಲೆ ರಂಧ್ರಕ್ಕೆ ಒಂದು ಶುದ್ಧ ಬಟ್ಟೆ ತುರುಕಿ, ಅದರ ಹೊರಮೈಗೆ ಸ್ವಲ್ಪ ಗ್ರೀಸ್ ಸವರಿ. ಬಿದ್ದ ಪುಡಿಯೆಲ್ಲ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಬಟ್ಟೆಗೆ ಒಂದು ದಾರ ಕಟ್ಟಿ ಹೊರಗೆ ಇಳಿಬಿಡಿ. ಬಟ್ಟೆ ಒಳಗೇ ಮರೆತು ಸೈಲೆನ್ಸರ್ ಬಿಗಿದವರು ಇದ್ದಾರೆ. ದಾರ ಕಂಡರೆ ಮರೆಯುವುದಿಲ್ಲ.

ಕಲ್ನಾರು ಇದೆಯೆಂದೇ ತಿಳಿಯಿರಿ

ಹಿಂದೆ ಬೆಂಕಿ ತಡೆಯುವ ಪ್ಯಾಕಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್‌ಬೆಸ್ಟಾಸ್, ಹಾಕುವುದು ರೂಢಿಯಾಗಿತ್ತು. ಹಳೆಯ ಎಂಜಿನಿನ ಮೇಲಿನ ಪ್ಯಾಕಿಂಗಿನಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿನಿಂದ ಹೇಳಲಾಗದು. ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಜಾಣತನ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ಅದರಿಂದ ಬರುವ ಕಾಯಿಲೆಗಳು, ಕ್ಯಾನ್ಸರ್ ಸೇರಿದಂತೆ, ಹಲವು ದಶಕಗಳ ನಂತರ ತಲೆಯೆತ್ತುತ್ತವೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಒಣಗಿದ ಪ್ಯಾಕಿಂಗನ್ನು ಎಂದಿಗೂ ಕೆರೆಯಬಾರದು. ನಾಲ್ಕು ಹನಿ ಸಾಬೂನು ಬೆರೆಸಿದ ನೀರಿನಿಂದ ಚೆನ್ನಾಗಿ ನೆನೆಸಿ. ಕೆರೆಯುವಾಗಲೂ ಆಗಾಗ ನೀರು ಸವರುತ್ತಿರಿ. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಬ್ರಷ್ ಬೇಡ. ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಹೊಡೆಯುವುದು ಬೇಡವೇ ಬೇಡ. ನಾನು ಊದಿದ್ದೆ ಎಂದಾಗ ಮೇಸ್ತ್ರಿಗಳು ತಲೆ ಚಚ್ಚಿಕೊಂಡರು. ಮುಖಕ್ಕೆ ಒಳ್ಳೆಯ ಧೂಳಿನ ಮಾಸ್ಕ್ ಇರಲಿ. ಹೆಗಲ ಟವೆಲ್ಲು ಈ ಧೂಳನ್ನು ತಡೆಯುವುದಿಲ್ಲ. ಕೆರೆದ ಚೂರುಗಳನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಗೊಬ್ಬರದ ಗುಂಡಿಗೂ, ಒಲೆಗೂ, ಮಕ್ಕಳು ಆಡುವ ಅಂಗಳಕ್ಕೂ ಅದು ಹೋಗಕೂಡದು. ಹಾಕಿಕೊಂಡ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯಬಾರದು.

ಕೆರೆಯುವ ಕ್ರಮ

ಮೊದಲು ಲೋಹ ಯಾವುದೆಂದು ತಿಳಿಯಿರಿ. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಸಾಕು. ಅಂಟಿದರೆ ಬೀಡುಕಬ್ಬಿಣ, ಅಂಟದಿದ್ದರೆ ಅಲ್ಯುಮಿನಿಯಂ. ಇಂಗ್ಲೆಂಡಿನ ಲಿಸ್ಟರ್ ಮಾದರಿಯಲ್ಲಿ ರಾಜ್‌ಕೋಟ್ ಕಡೆಯಿಂದ ಬಂದ, ನಿಮಿಷಕ್ಕೆ 650 ಸುತ್ತಿನ ದೊಡ್ಡ ಚಕ್ರದ ಡೀಸೆಲ್ ಎಂಜಿನುಗಳು ಕೆಲವು ಮನೆಗಳಲ್ಲಿ ಇನ್ನೂ ಉಳಿದಿವೆ. ಅವುಗಳ ಹೆಡ್ಡು ಬೀಡುಕಬ್ಬಿಣದ್ದು. ಹೊಸ ಕಾಲದ ಸಣ್ಣ ಪೆಟ್ರೋಲ್ ಎಂಜಿನುಗಳ ಹೆಡ್ಡು ಸಾಮಾನ್ಯವಾಗಿ ಅಲ್ಯುಮಿನಿಯಂ. ಕಬ್ಬಿಣ ಒಂದಿಷ್ಟು ತಡೆದುಕೊಂಡೀತು, ಅಲ್ಯುಮಿನಿಯಂ ಉಳಿಯ ಒಂದು ಏಟನ್ನೂ ತಡೆಯದು.

ಬೀಡುಕಬ್ಬಿಣಕ್ಕೆ ಉಕ್ಕಿನ ಅಗಲವಾದ ಕೆರೆಯುವ ಪಟ್ಟಿ ಆಗಬಹುದು. ಅದನ್ನು ನಿಲ್ಲಿಸಿ ಹಿಡಿಯಬೇಡಿ. ಮುಖಕ್ಕೆ ಬಹುತೇಕ ಒರಗಿಸಿ, ಪದರದ ಅಡಿಗೆ ನುಗ್ಗುವಂತೆ ತಳ್ಳಿ. ಸುತ್ತಿಗೆ ಬೇಡ. ಅಲ್ಯುಮಿನಿಯಂಗೆ ಉಕ್ಕು ಮುಟ್ಟಿಸಬೇಡಿ. ಹಿತ್ತಾಳೆಯ ಪಟ್ಟಿ ಒಳ್ಳೆಯದು. ಅದಿಲ್ಲದಿದ್ದರೆ ನಮ್ಮ ತೋಟದಲ್ಲೇ ಆಯುಧವಿದೆ: ಚೆನ್ನಾಗಿ ಒಣಗಿದ ಅಡಿಕೆ ದಬ್ಬೆಯ ಗಟ್ಟಿ ಹೊರಮೈ. ಅದನ್ನು ಒಂದು ಅಂಗುಲ ಅಗಲಕ್ಕೆ ಸೀಳಿ, ತುದಿಯನ್ನು ಉಳಿಯ ಹಾಗೆ ಹೆರೆದುಕೊಂಡರೆ ಆಯಿತು. ಮೊಂಡಾದರೆ ಮತ್ತೆ ಹೆರೆಯಿರಿ. ನಾನು ಆ ದಿನ ನಾಲ್ಕು ದಬ್ಬೆ ಸವೆಸಿದೆ, ಲೋಹಕ್ಕೆ ಒಂದು ಗೀರೂ ಆಗಲಿಲ್ಲ.

ಕಳಚಿ ತಂದ ತುಂಡು ಕಬ್ಬಿಣದ್ದಾದರೆ ಒಂದು ರಾತ್ರಿ ಡೀಸೆಲ್ಲಿನಲ್ಲಿ ನೆನೆಹಾಕಿ. ಮಸಿ ಮೆತ್ತಗಾಗುತ್ತದೆ. ಕಾಸ್ಟಿಕ್ ಸೋಡಾ ಹಾಕಿ ಕುದಿಸುವ ಪದ್ಧತಿ ವರ್ಕ್‌ಶಾಪುಗಳಲ್ಲಿದೆ, ಅದು ಕಬ್ಬಿಣಕ್ಕೆ ಮಾತ್ರ. ಅಲ್ಯುಮಿನಿಯಂ ಅದರಲ್ಲಿ ಕರಗಿಯೇ ಹೋಗುತ್ತದೆ. ಸುಣ್ಣದ ತಿಳಿಯೂ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಇನ್ನೊಂದು ಮಾತು ನಮ್ಮಂಥವರಿಗೇ ವಿಶೇಷವಾಗಿ: ಬೋರ್ಡೋ ಕೂಡುವ ಜಾಗದಲ್ಲಿ ಈ ಕೆಲಸ ಮಾಡಬೇಡಿ. ಮೈಲುತುತ್ತದ ನೀರು ಶುದ್ಧವಾದ ಕಬ್ಬಿಣಕ್ಕೆ ತಾಗಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಗುಂಡಿ ಬೀಳುತ್ತದೆ. ಪೆಟ್ರೋಲಿನಿಂದ ತೊಳೆಯುವ ಚಾಳಿಯೂ ಬೇಡ. ಹತ್ತಿರದಲ್ಲಿ ಒಂದು ಬೀಡಿ ಹೊತ್ತಿದರೆ ಸಾಕು.

ಪದರವೆಲ್ಲ ಎದ್ದ ಮೇಲೆ ಉಳಿಯುವ ತೆಳು ಕಲೆಗೆ ನಯವಾದ ಎಮರಿ ಪೇಪರನ್ನು ಒಂದು ಚಪ್ಪಟೆ ಮರದ ತುಂಡಿಗೆ ಸುತ್ತಿ, ನೀರು ಹಚ್ಚಿ, ಹಗುರವಾಗಿ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ತಿರುಗುವ ಯಂತ್ರಕ್ಕೆ ಸಿಕ್ಕಿಸುವ ಉಜ್ಜುಬಿಲ್ಲೆಗಳಿಂದ ದೂರವಿರಿ. ಅದರಿಂದ ಉದುರುವ ಕಣಗಳು ಎಣ್ಣೆಗೆ ಸೇರಿ ಬೇರಿಂಗುಗಳನ್ನೇ ಹಾಳುಮಾಡುತ್ತವೆಂದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ತನ್ನ ದುರಸ್ತಿಗಾರರಿಗೆ ಸುತ್ತೋಲೆಯಲ್ಲೇ ಎಚ್ಚರಿಕೆ ಕೊಟ್ಟಿತ್ತು. ಹತ್ತು ನಿಮಿಷ ಉಳಿಸಲು ಹೋಗಿ ಎಂಜಿನನ್ನೇ ಕಳೆದುಕೊಳ್ಳುವ ವ್ಯಾಪಾರವದು. ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಿಳಿಯ ಬಟ್ಟೆ ಬೆಳ್ಳಗೇ ಬರುವವರೆಗೆ ಒರೆಸುವುದು ಮೇಸ್ತ್ರಿಗಳ ಲೆಕ್ಕ. ಕೊನೆಗೆ ರಂಧ್ರದ ಬಟ್ಟೆಯನ್ನು ದಾರ ಹಿಡಿದು ನಿಧಾನವಾಗಿ ಎಳೆಯಿರಿ.

ಮುಖ ಸಮವಿದೆಯೇ?

ಶುದ್ಧವಾದ ಮುಖ ಸಮವಾಗಿಯೇ ಇರಬೇಕೆಂದಿಲ್ಲ. ಬಿಸಿಗೆ ಸೈಲೆನ್ಸರಿನ ಕಿವಿಗಳು ಬಾಗಿರುತ್ತವೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಮುಖಕ್ಕೆ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. ಫೀಲರ್ ಗೇಜ್ ಇದ್ದವರು ಅಳೆಯಬಹುದು. ಎಷ್ಟು ಬಾಗು ನಡೆಯುತ್ತದೆಂಬುದು ಎಂಜಿನಿನ ಪುಸ್ತಕದಲ್ಲಿರುತ್ತದೆ. ಪುಸ್ತಕ ಇಲ್ಲದವರು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಪಟ್ಟಿ ಸಂದಿನೊಳಗೆ ಸಲೀಸಾಗಿ ತೂರಿದರೆ ತಿಳಿದವರಿಗೆ ತೋರಿಸಿ.

ಗೇಜ್ ಇಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. ಬುಡ್ಡಿದೀಪದ ಮಸಿಯನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ ದಪ್ಪ ಗಾಜಿನ ಮೇಲೆ ತೀರ ತೆಳ್ಳಗೆ ಸವರಿ. ಕಳಚಿದ ತುಂಡನ್ನು ಅದರ ಮೇಲಿಟ್ಟು ಸ್ವಲ್ಪ ತಿರುಗಿಸಿ ಎತ್ತಿ. ಮಸಿ ಹತ್ತಿದ್ದು ಉಬ್ಬು, ಹತ್ತದ್ದು ತಗ್ಗು. ಸಣ್ಣ ತುಂಡಾದರೆ ಅದೇ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ತಿಕ್ಕುತ್ತ ಸಮ ಮಾಡಿಕೊಳ್ಳಬಹುದು. ನನ್ನ ಸೈಲೆನ್ಸರಿನ ಬಾಗು ಹೀಗೇ ಹೋಯಿತು. ಆದರೆ ಹೆಡ್ಡಿನ ಮೇಲಿನ ಉಳಿಯ ಗೀರು ಹೋಗಲಿಲ್ಲ. ಹೆಡ್ ಬಿಚ್ಚಿ ಪೇಟೆಯ ಲೇತ್ ಅಂಗಡಿಗೆ ಒಯ್ದು ಆ ಮುಖವನ್ನು ಒಂದು ಪದರ ಹೊಡೆಸಬೇಕಾಯಿತು. ಹತ್ತು ನಿಮಿಷದ ನನ್ನ ಕೈಚಳಕದ ದಂಡ ಅದು.

ಜೋಡಿಸುವಾಗ

ತೆಗೆದ ಪ್ಯಾಕಿಂಗನ್ನೇ ಮತ್ತೆ ಹಾಕಬೇಡಿ. ಸಂದು ದೊಡ್ಡದಿದೆಯೆಂದು ಒಂದರ ಮೇಲೊಂದು ಎರಡು ಹಾಕುವುದೂ ಬೇಡ. ರಟ್ಟು, ಸೈಕಲ್ ಟ್ಯೂಬು ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ಹೆಡ್ಡಿನಿಂದ ಹೊರಬೀಳುವ ಹೊಗೆಯ ಬಿಸಿ ದುಡಿಯುವಾಗ 400 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಹುದು, ಅಲ್ಲಿ ಅದು ಒಂದು ದಿನವೂ ನಿಲ್ಲದು. ಟ್ಯೂಬಿನಲ್ಲಿ ಬರುವ ಸಾಮಾನ್ಯ ಅಂಟುಗಳಿಗೂ ಅಷ್ಟು ಬಿಸಿ ಆಗದು. ಶುದ್ಧ ತಾಮ್ರದ ಬಿಲ್ಲೆಯಾದರೆ ಮಾತ್ರ, ಅದನ್ನು ಮಂದ ಕೆಂಪಾಗುವಂತೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗಿ ಇನ್ನೊಮ್ಮೆ ಬಳಕೆಗೆ ಬರುತ್ತದೆ. ಎರಡು ತಾಮ್ರದ ಹಾಳೆಯ ನಡುವೆ ಕಲ್ನಾರು ತುಂಬಿದ್ದಾದರೆ ಈ ಉಪಾಯ ಬೇಡ.

ಸ್ಟಡ್ಡಿನ ಮರೆಗಳನ್ನು ಬ್ರಷ್ಷಿನಿಂದ ಶುದ್ಧ ಮಾಡಿ, ಗ್ರಾಫೈಟ್ ಅಥವಾ ತಾಮ್ರ ಬೆರೆತ ಗ್ರೀಸನ್ನು ತೆಳುವಾಗಿ ಸವರಿ. ಹಿತ್ತಾಳೆಯ ನಟ್ಟು ಸಿಕ್ಕರೆ ಅದನ್ನೇ ಹಾಕಿ, ಮುಂದಿನ ಸಲ ಸುಲಭವಾಗಿ ಬಿಚ್ಚುತ್ತದೆ. ಒಂದು ನಟ್ಟನ್ನೇ ಪೂರ್ತಿ ಬಿಗಿಯಬಾರದು. ಅದಕ್ಕೆ ಸ್ವಲ್ಪ, ಇದಕ್ಕೆ ಸ್ವಲ್ಪ, ಹೀಗೆ ಸರದಿಯಂತೆ ಬಿಗಿಯುತ್ತ ಬನ್ನಿ. ಒಮ್ಮೆ ಓಡಿಸಿ, ಪೂರ್ತಿ ತಣಿದ ಮೇಲೆ ನಟ್ಟುಗಳು ಸಡಿಲಾಗಿವೆಯೇ ನೋಡಿ.

ಕೊನೆಯ ಮಾತು

ಎಷ್ಟೇ ಚೆನ್ನಾಗಿ ಪ್ಯಾಕಿಂಗ್ ಕೂತರೂ ಮುಚ್ಚಿದ ಮನೆಯಲ್ಲಿ ಎಂಜಿನು ಓಡಿಸುವುದು ಸರಿಯಲ್ಲ. ನಾನು ಈಗ ಪೆಟ್ರೋಲ್ ಪಂಪನ್ನು ಪಂಪ್ ಮನೆಯೊಳಗೆ ಇಡುವುದೇ ಇಲ್ಲ. ಬಯಲಿನಲ್ಲಿ, ಮೇಲೊಂದು ತಗಡಿನ ಮರೆ ಅಷ್ಟೆ. ಡೀಸೆಲ್ ಎಂಜಿನಿರುವ ಮನೆಯ ಎರಡು ಗೋಡೆ ತೆಗೆಸಿ ಜಾಲರಿ ಹಾಕಿಸಿದ್ದೇನೆ. ಓಡುವ ಎಂಜಿನಿನ ಪಕ್ಕದಲ್ಲಿ ಕೂತು ಕಾಯುವ ಕೆಲಸವನ್ನು ಯಾರಿಗೂ ಹೇಳುವುದಿಲ್ಲ.

ನಮ್ಮಲ್ಲಿ ಎಂಜಿನಿನ ಹತ್ತಿರ ಕೂರುವವರು ಹೆಚ್ಚಾಗಿ ಯಜಮಾನರಲ್ಲ, ಕೆಲಸದವರು. ಸೋರುವ ಪ್ಯಾಕಿಂಗಿನ ಹೊಗೆ ಕುಡಿಯುವವರೂ ಅವರೇ, ಒಣ ಪ್ಯಾಕಿಂಗ್ ಕೆರೆದು ಧೂಳು ಉಸಿರಾಡುವವರೂ ಅವರೇ. "ಅದನ್ನ ಸ್ವಲ್ಪ ಕೆರೆದು ಹಾಕೋ ಮಾರಾಯ" ಎಂದು ಹೇಳಿ ನಾವು ಪೇಟೆಗೆ ಹೋಗುತ್ತೇವೆ. ಹಾಗೆ ಹೇಳುವ ಮೊದಲು ಆ ಕೆಲಸವನ್ನು ಒಮ್ಮೆ ನಮ್ಮ ಕೈಯಿಂದ ಪೂರ್ತಿ ಮಾಡಿ ನೋಡೋಣ. ಮಾಸ್ಕ್, ಹಿತ್ತಾಳೆ ಪಟ್ಟಿ, ಹೊಸ ಪ್ಯಾಕಿಂಗ್ ತಂದುಕೊಟ್ಟು, ಅರ್ಧ ದಿನ ಬೇಕಾಗುತ್ತದೆಂದು ನಾವೇ ಹೇಳೋಣ.

ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವಾಗ ತುಂಗೆ ಕೆಂಪಗೆ ತುಂಬಿ ಹರಿಯುತ್ತಾಳೆ. ಆಗ ನಮ್ಮ ಪಂಪುಗಳಿಗೆ ರಜೆ. ಆ ರಜೆಯಲ್ಲಿ ಬಿಡುವಾದ ಒಂದು ಮಧ್ಯಾಹ್ನ ಎಂಜಿನನ್ನು ಜಗುಲಿಗೆ ತಂದು ಆ ಎರಡು ಅಂಗುಲದ ಮುಖವನ್ನು ನೋಡಿ. ನಮ್ಮ ಕೆಲಸದಾತ ಈಗ ಗಟ್ಟಿಮುಟ್ಟಾಗಿದ್ದಾನೆ. ಹೋದ ವರ್ಷ ಪಂಪಿನ ಪ್ಯಾಕಿಂಗ್ ಬದಲಿಸುವಾಗ ಅವನೂ ನಾನೂ ಒಟ್ಟಿಗೆ ಕೂತು, ಆಳಿಗೊಂದರಂತೆ ದಬ್ಬೆ ಹೆರೆದುಕೊಂಡು ಕೆರೆದೆವು. ಅರ್ಧ ದಿನವೇ ಹಿಡಿಯಿತು. ಎಂಜಿನು ಸ್ಟಾರ್ಟ್ ಮಾಡಿದ ಮೇಲೆ ಸಂದಿಗೆ ಸಾಬೂನು ನೀರು ಹಚ್ಚಿ ನೋಡಿದವನು ಅವನೇ. ಒಂದು ಗುಳ್ಳೆಯೂ ಏಳಲಿಲ್ಲ.